ಸುಮಾರು ಸಮಯ ತೋರಿಸುವ ಕೈಗಡಿಯಾರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸುಮಾರು ಸಮಯ ತೋರಿಸುವ ವಾಚು ಎಂದರೆ ತಪ್ಪು ಸಮಯ ತೋರಿಸುವ ವಾಚು ಎಂದು ಅರ್ಥವೇ?

ಅಲ್ಲ. ವಾಚಿನ ಒಳಗಿರುವ ಮಷೀನು ಎಷ್ಟು ಸರಿಯಾಗಿ ನಡೆಯುತ್ತದೆ ಎಂಬುದು ಒಂದು ವಿಷಯ. ಆ ನಡೆಯನ್ನು ಡಯಲು ನಮಗೆ ಎಷ್ಟು ಸೂಕ್ಷ್ಮವಾಗಿ ಓದಲು ಬಿಡುತ್ತದೆ ಎಂಬುದು ಇನ್ನೊಂದು ವಿಷಯ. ಗಂಟೆಯ ಮುಳ್ಳೊಂದನ್ನೇ ಉಳಿಸಿಕೊಂಡ ಒಂಟಿ ಮುಳ್ಳಿನ ವಾಚು ಈ ಬಗೆಯಲ್ಲಿ ಮುಖ್ಯವಾದದ್ದು. ಸೆಲ್ಲಿನಿಂದ ನಡೆಯುವ ಅಂಥ ವಾಚಿನೊಳಗೂ ಸಾಮಾನ್ಯ ವಾಚಿನಲ್ಲಿರುವ, ಸೆಕೆಂಡಿಗೆ 32,768 ಬಾರಿ ಕಂಪಿಸುವ ಅದೇ ಕ್ವಾರ್ಟ್ಜ್ ಹರಳು ಇರುತ್ತದೆ, ಮತ್ತು ಅದು ತಿಂಗಳಿಗೆ ಹೆಚ್ಚೆಂದರೆ 15–20 ಸೆಕೆಂಡು ಆಚೀಚೆ ಆಗಬಹುದು. ವಿನ್ಯಾಸಕಾರ ಬೇಕೆಂದೇ ಕೈಬಿಟ್ಟಿರುವುದು ನಿಮಿಷದ ಮುಳ್ಳನ್ನು ಮಾತ್ರ.

ಇದಕ್ಕೆ ವಿರುದ್ಧವಾದ ಸ್ಥಿತಿ ನಮ್ಮ ಮನೆಗಳಲ್ಲಿಯೇ ಇದೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಶಾಲೆಗೂ ಆಫೀಸಿಗೂ ತಡವಾಗದಿರಲೆಂದು ಗೋಡೆ ಗಡಿಯಾರವನ್ನು ಹತ್ತು ನಿಮಿಷ ಮುಂದಿಟ್ಟಿರುತ್ತಾರೆ. ಅದಕ್ಕೆ ಸೆಕೆಂಡಿನ ಮುಳ್ಳೂ ಇರುತ್ತದೆ, ಆದರೆ ಅದು ಹೇಳುವುದು ಸುಳ್ಳು ಎಂಬುದು ಮನೆಯವರಿಗೆಲ್ಲ ಗೊತ್ತಿರುವುದರಿಂದ ಎಲ್ಲರೂ ಮನಸ್ಸಿನಲ್ಲಿಯೇ ಹತ್ತು ನಿಮಿಷ ಕಳೆದು ನಿಧಾನವಾಗಿಯೇ ಹೊರಡುತ್ತಾರೆ. ಒಂಟಿ ಮುಳ್ಳಿನ ವಾಚು ಕಡಿಮೆ ಹೇಳುತ್ತದೆ, ಆದರೆ ಹೇಳಿದ್ದನ್ನು ಸರಿಯಾಗಿ ಹೇಳುತ್ತದೆ.

ಒಂದೇ ಮುಳ್ಳಿನಿಂದ ಸಮಯ ಓದುವುದು ಹೇಗೆ? ಎಷ್ಟು ಹತ್ತಿರದ ಉತ್ತರ ಸಿಗುತ್ತದೆ?

ಸಾಮಾನ್ಯ ವಾಚಿನಲ್ಲಿಯೂ ಗಂಟೆಯ ಮುಳ್ಳು ಒಂದು ಅಂಕಿಯಿಂದ ಇನ್ನೊಂದಕ್ಕೆ ಹಾರುವುದಿಲ್ಲ. ನಿಮಿಷಕ್ಕೆ ಅರ್ಧ ಡಿಗ್ರಿಯಂತೆ ನಿಧಾನವಾಗಿ ಸರಿಯುತ್ತಲೇ ಇರುತ್ತದೆ. ಹಾಗಾಗಿ ನಿಮಿಷದ ಮಾಹಿತಿ ಗಂಟೆಯ ಮುಳ್ಳಿನಲ್ಲಿಯೇ ಅಡಗಿದೆ. ಆ ಮುಳ್ಳು ಗಿಡ್ಡವಾಗಿರುವುದರಿಂದಲೂ ಗಂಟೆಗಳ ನಡುವೆ ಅದಕ್ಕೆಂದೇ ಗೆರೆಗಳಿಲ್ಲದಿರುವುದರಿಂದಲೂ ನಾವು ಅದನ್ನು ಓದುವುದಿಲ್ಲ. ಮುಳ್ಳನ್ನು ಉದ್ದ ಮಾಡಿ, ತುದಿಯನ್ನು ಸೂಜಿಯಂತೆ ಚೂಪಾಗಿಸಿ, ಡಯಲಿನ ಅಂಚಿನಲ್ಲಿ ಗಂಟೆಗೆ ಹನ್ನೆರಡರಂತೆ ಒಟ್ಟು 144 ಗೆರೆಗಳನ್ನು ಹಾಕಿದರೆ ಪ್ರತಿ ಗೆರೆಯೂ ಐದು ನಿಮಿಷವಾಗುತ್ತದೆ. ಮುಳ್ಳು ಹತ್ತನ್ನು ದಾಟಿ ಎರಡನೆಯ ಮತ್ತು ಮೂರನೆಯ ಗೆರೆಗಳ ನಡುವೆ ಇದ್ದರೆ ಹತ್ತು ಗಂಟೆ ಹನ್ನೆರಡು ನಿಮಿಷದ ಆಸುಪಾಸು ಎಂದು ತಿಳಿಯಬೇಕು.

ಮಿತಿ ಎಲ್ಲಿದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಗೆರೆಗಳ ವೃತ್ತದ ವ್ಯಾಸ 36 ಮಿಲಿಮೀಟರ್ ಎಂದಿಟ್ಟುಕೊಂಡರೆ ಅದರ ಸುತ್ತಳತೆ ಸುಮಾರು 113 ಮಿಲಿಮೀಟರ್. ನಿಮಿಷದ ಮುಳ್ಳು ಆ ದಾರಿಯಲ್ಲಿ ಒಂದು ನಿಮಿಷಕ್ಕೆ 1.9 ಮಿಲಿಮೀಟರಿನಷ್ಟು ಸಾಗುತ್ತದೆ. ಗಂಟೆಯ ಮುಳ್ಳಾದರೆ 0.16 ಮಿಲಿಮೀಟರ್ ಮಾತ್ರ, ಐದು ನಿಮಿಷಕ್ಕೆ 0.8 ಮಿಲಿಮೀಟರ್. ಎರಡು ಗೆರೆಗಳ ನಡುವಿನ ಜಾಗವನ್ನು ಕಣ್ಣು ಅರ್ಧವಾಗಿಯೋ ಮೂರು ಪಾಲಾಗಿಯೋ ವಿಂಗಡಿಸಬಲ್ಲದು, ಅದಕ್ಕಿಂತ ಹೆಚ್ಚಿಗೆ ಆಗದು. ಆದ್ದರಿಂದ ಅಭ್ಯಾಸವಾದವರಿಗೆ ಎರಡು ನಿಮಿಷದ ಆಚೀಚೆ, ಹೊಸಬರಿಗೆ ಐದು ನಿಮಿಷದ ಆಚೀಚೆ ಸಮಯ ಸಿಗುತ್ತದೆ. ನಲವತ್ತು ದಾಟಿ ಚಾಳೀಸು ಬಂದವರು ಡಯಲಿನ ಅಳತೆಯನ್ನು ಮೊದಲು ನೋಡುವುದು ಒಳ್ಳೆಯದು, ಏಕೆಂದರೆ 34 ಮಿಲಿಮೀಟರಿನ ಚಿಕ್ಕ ವಾಚಿನಲ್ಲಿ 144 ಗೆರೆಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ.

ಇದು ಇತ್ತೀಚಿನ ಫ್ಯಾಷನ್ ಅಲ್ಲವೇ?

ಯಂತ್ರದ ಗಡಿಯಾರಗಳು ಹುಟ್ಟಿದ್ದೇ ಒಂಟಿ ಮುಳ್ಳಿನೊಂದಿಗೆ. ಯುರೋಪಿನ ಆರಂಭದ ಗೋಪುರ ಗಡಿಯಾರಗಳು ದಿನಕ್ಕೆ ಕಾಲು ಗಂಟೆಯೋ ಅದಕ್ಕೂ ಹೆಚ್ಚೋ ತಪ್ಪುತ್ತಿದ್ದುದರಿಂದ ಅವುಗಳಿಗೆ ನಿಮಿಷದ ಮುಳ್ಳು ಹಾಕುವುದಕ್ಕೆ ಅರ್ಥವೇ ಇರಲಿಲ್ಲ. 1656ರಲ್ಲಿ ಕ್ರಿಸ್ತಿಯಾನ್ ಹೈಗೆನ್ಸ್ ಲೋಲಕದ ಗಡಿಯಾರವನ್ನು ರೂಪಿಸಿದ ಮೇಲೆ, ಮತ್ತು 1675ರ ಹೊತ್ತಿಗೆ ಜೇಬಿನ ಗಡಿಯಾರಗಳಿಗೆ ಸುರುಳಿ ಸ್ಪ್ರಿಂಗು ಬಂದ ಮೇಲೆ, ನಿಮಿಷವನ್ನು ತೋರಿಸುವುದು ಸಾರ್ಥಕವಾಯಿತು. ಎರಡನೆಯ ಮುಳ್ಳು ರೂಢಿಗೆ ಬಂತು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬಿಯ ಗೋಪುರದ ಗಡಿಯಾರಕ್ಕೆ ಇಂದಿಗೂ ಇರುವುದು ಒಂದೇ ಮುಳ್ಳು.

ಎರಡು ಮುಳ್ಳು ಸಾಧ್ಯವಿದ್ದ ಕಾಲದಲ್ಲಿಯೂ ಒಂದನ್ನೇ ಆರಿಸಿಕೊಂಡವರಿದ್ದರು. ಪ್ಯಾರಿಸ್ಸಿನ ಪ್ರಸಿದ್ಧ ಗಡಿಯಾರಗಾರ ಅಬ್ರಹಾಂ-ಲೂಯಿ ಬ್ರೆಗೆ, ಫ್ರೆಂಚ್ ಕ್ರಾಂತಿಯಿಂದ ಶ್ರೀಮಂತ ಗಿರಾಕಿಗಳು ಚದುರಿಹೋದ ಮೇಲೆ, ಬೆಲೆಯ ಕಾಲು ಭಾಗವನ್ನು ಮುಂಗಡ ಪಡೆದು ಮಾಡಿಕೊಡುವ ಸರಳ ಜೇಬು ಗಡಿಯಾರಗಳನ್ನು 1790ರ ದಶಕದಲ್ಲಿ ಪ್ರಚಾರಕ್ಕೆ ತಂದರು. ಸುಮಾರು 60 ಮಿಲಿಮೀಟರ್ ಅಗಲದ ಆ ಗಡಿಯಾರಗಳಲ್ಲಿ ಒಂದೇ ಮುಳ್ಳು ಇತ್ತು. ಅಗಲವಾದ ಡಯಲು ಇದ್ದುದರಿಂದ ಒಂದೇ ಮುಳ್ಳಿನಿಂದಲೂ ಸಮಯವನ್ನು ಸಾಕಷ್ಟು ಹತ್ತಿರ ಓದಬಹುದಿತ್ತು.

ಕೈಗಡಿಯಾರದ ಯುಗದಲ್ಲಿ ಈ ವಿಚಾರವನ್ನು ಮತ್ತೆ ಎತ್ತಿಕೊಂಡವರು ಜರ್ಮನ್ನರು. ಕ್ಲೌಸ್ ಬೋಟಾ 1986ರಲ್ಲಿ ‘ಉನೋ’ ಎಂಬ ಒಂಟಿ ಮುಳ್ಳಿನ ವಾಚನ್ನು ರೂಪಿಸಿದರು. 2001ರಲ್ಲಿ ಮ್ಯಾನ್‌ಫ್ರೆಡ್ ಬ್ರಾಸ್ಲರ್ ಮ್ಯೂನ್‌ಸ್ಟರ್ ನಗರದಲ್ಲಿ ಆರಂಭಿಸಿದ ‘ಮೈಸ್ಟರ್‌ಸಿಂಗರ್’ ಕಂಪನಿಯಂತೂ ಒಂಟಿ ಮುಳ್ಳನ್ನೇ ತನ್ನ ಗುರುತನ್ನಾಗಿ ಮಾಡಿಕೊಂಡಿತು.

ಒಂಟಿ ಮುಳ್ಳಲ್ಲದೆ ಬೇರೆ ಬಗೆಗಳಿವೆಯೇ?

ಸಾಕಷ್ಟಿವೆ, ಆದರೆ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅಮೆರಿಕದ ವಿನ್ಯಾಸಕಾರ ನೇಥನ್ ಜಾರ್ಜ್ ಹಾರ್ವಿಟ್ 1947ರಲ್ಲಿ ರೂಪಿಸಿದ, ಮುಂದೆ ಮೊವಾಡೊ ಕಂಪನಿಯ ಹೆಸರಿನೊಂದಿಗೆ ಬೆಸೆದುಹೋದ ಕಪ್ಪು ಡಯಲಿನಲ್ಲಿ ಎರಡು ಮುಳ್ಳುಗಳಿವೆ, ಆದರೆ ಅಂಕಿಯೂ ಇಲ್ಲ, ಗೆರೆಯೂ ಇಲ್ಲ. ಹನ್ನೆರಡರ ಜಾಗದಲ್ಲಿ ಒಂದು ಬೊಟ್ಟು ಮಾತ್ರ. ಮುಳ್ಳುಗಳ ಕೋನವನ್ನು ನೋಡಿ ಸಮಯವನ್ನು ಊಹಿಸಬೇಕು. ನನ್ನ ದೃಷ್ಟಿಯಲ್ಲಿ ಈ ವರ್ಗದ ಅತ್ಯಂತ ಸೊಗಸಾದ ವಿನ್ಯಾಸ ಇದೇ. ಕೋನ ಓದುವುದು ನಮಗೆಲ್ಲ ಚಿಕ್ಕಂದಿನಿಂದ ಬಂದ ವಿದ್ಯೆಯಾದ್ದರಿಂದ ಅದಕ್ಕೆ ಹೊಸ ಅಭ್ಯಾಸವೇ ಬೇಕಾಗಿಲ್ಲ.

ರಷ್ಯಾದ ಕಾನ್‌ಸ್ಟಾಂಟಿನ್ ಚೈಕಿನ್ 2017ರಲ್ಲಿ ತೋರಿಸಿದ ‘ಜೋಕರ್’ ವಾಚಿನಲ್ಲಿ ಡಯಲೇ ಒಂದು ಮುಖ. ಒಂದು ಕಣ್ಣಿನ ಗುಡ್ಡೆ ಗಂಟೆಯನ್ನು, ಇನ್ನೊಂದು ನಿಮಿಷವನ್ನು ಸೂಚಿಸುತ್ತದೆ. ಅದು ನಗೆ ತರಿಸುವಷ್ಟು ಸುಲಭವಾಗಿ ಸಮಯ ಹೇಳುವುದಿಲ್ಲ. ಫ್ರಾನ್ಸಿನ ಎರ್ಮೆಸ್ ಕಂಪನಿಯ 2011ರ ಒಂದು ವಾಚು ಇನ್ನೂ ಮುಂದೆ ಹೋಗುತ್ತದೆ: ಗುಂಡಿ ಒತ್ತಿದೊಡನೆ ಎರಡೂ ಮುಳ್ಳುಗಳು ಹನ್ನೆರಡರ ಬಳಿ, ನಿಜವಾದ ಯಾವ ಸಮಯದಲ್ಲಿಯೂ ಬಾರದ ಭಂಗಿಯಲ್ಲಿ ನಿಂತುಬಿಡುತ್ತವೆ, ಮತ್ತೊಮ್ಮೆ ಒತ್ತಿದರೆ, ಒಳಗೆ ಲೆಕ್ಕ ತಪ್ಪದೆ ನಡೆದಿದ್ದ ಮಷೀನು ಅವುಗಳನ್ನು ಸರಿಯಾದ ಜಾಗಕ್ಕೆ ಮರಳಿಸುತ್ತದೆ.

ಕಣ್ಣಿಗೆ ಬದಲಾಗಿ ಕಿವಿಗೂ ಚರ್ಮಕ್ಕೂ ಸಮಯ ಹೇಳುವ ಬಗೆಗಳೂ ಇವೆ. 17ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಬಂದ ‘ರಿಪೀಟರ್’ ಗಡಿಯಾರಗಳು ಕತ್ತಲೆಯಲ್ಲಿ ಗುಂಡಿ ಒತ್ತಿದರೆ ಗಂಟೆಯನ್ನೂ ಕಾಲು ಗಂಟೆಗಳನ್ನೂ ಬಡಿದು ಹೇಳುತ್ತಿದ್ದವು; ಅಂದರೆ ಹದಿನೈದು ನಿಮಿಷದ ಸೂಕ್ಷ್ಮತೆ. ನಾರ್ವೆಯ ವಿನ್ಯಾಸಕಾರರ ‘ಡುರ್’ ಎಂಬ ಕೈಪಟ್ಟಿಗೆ ಡಯಲೇ ಇಲ್ಲ. ಐದು ನಿಮಿಷಕ್ಕೊಮ್ಮೆ ನಡುಗುವುದಷ್ಟೇ ಅದರ ಕೆಲಸ. ನಮ್ಮ ಎಚ್‌ಎಂಟಿ ಕಂಪನಿ ಅಂಧರಿಗಾಗಿ ತಯಾರಿಸಿದ ಬ್ರೈಲ್ ವಾಚುಗಳಲ್ಲಿ ಗಾಜಿನ ಮುಚ್ಚಳವನ್ನು ತೆರೆದು, ಉಬ್ಬು ಚುಕ್ಕೆಗಳನ್ನೂ ಮುಳ್ಳುಗಳನ್ನೂ ಬೆರಳಿನಿಂದ ಮುಟ್ಟಿ ಸಮಯ ತಿಳಿಯಬಹುದಿತ್ತು. ಅದನ್ನು ವಿಚಿತ್ರ ವಿನ್ಯಾಸಗಳ ಸಾಲಿಗೆ ಸೇರಿಸುವುದು ಸರಿಯಲ್ಲ. ಆದರೂ ಬೆರಳಿನ ಓದು ಸ್ವಭಾವತಃ ಅಂದಾಜಿನದು, ಮತ್ತು ದಿನನಿತ್ಯದ ಬಾಳಿಗೆ ಅಷ್ಟು ಅಂದಾಜು ಸಾಲುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಎರಡರ ಲೆಕ್ಕದಲ್ಲಿ ದೀಪಗಳನ್ನು ಹೊತ್ತಿಸುವ ಬೈನರಿ ವಾಚುಗಳನ್ನು ಹಲವರು ಇದೇ ಗುಂಪಿಗೆ ಸೇರಿಸುತ್ತಾರೆ. ಅವು ನಿಮಿಷವನ್ನು ನಿಖರವಾಗಿ ತೋರಿಸುತ್ತವೆ. ಓದುವುದು ಮಾತ್ರ ತಡ. ಅಂದಾಜಿನ ವಾಚಿಗೆ ಅದು ನೇರ ವಿರುದ್ಧ.

ಪದಗಳಲ್ಲಿ ಸಮಯ ಹೇಳುವ ವಾಚು ಕನ್ನಡದಲ್ಲಿ ಸಾಧ್ಯವೇ?

ಜರ್ಮನಿಯ ಬೀಗರ್ಟ್ ಮತ್ತು ಫಂಕ್ ಅವರ ‘ಕ್ಲಾಕ್‌ಟೂ’ ಈ ಬಗೆಯ ಪ್ರಸಿದ್ಧ ಮಾದರಿ. 110 ಅಕ್ಷರಗಳ ಚೌಕದಲ್ಲಿ ಬೇಕಾದ ಪದಗಳು ಮಾತ್ರ ಬೆಳಗಿ, ಐದೈದು ನಿಮಿಷದ ಹೆಜ್ಜೆಯಲ್ಲಿ ಸಮಯವನ್ನು ವಾಕ್ಯವಾಗಿ ಹೇಳುತ್ತವೆ. ಉಳಿದ ನಿಮಿಷಗಳಿಗೆ ನಾಲ್ಕು ಮೂಲೆಗಳಲ್ಲಿ ನಾಲ್ಕು ಚುಕ್ಕೆಗಳಿವೆ. ಮೊದಲು ಗೋಡೆಗೆ ಬಂದದ್ದು ಆಮೇಲೆ ಮಣಿಕಟ್ಟಿಗೂ ಬಂತು.

ಕನ್ನಡದಲ್ಲಿ ಕಾಲು ಗಂಟೆಯ ಹೆಜ್ಜೆ ಸಾಕೆಂದುಕೊಂಡರೆ ಹನ್ನೆರಡು ಗಂಟೆಗಳಿಗೆ ನಾಲ್ಕರಂತೆ 48 ಸ್ಥಿತಿಗಳಷ್ಟೇ ಬೇಕು. ತೊಡಕು ಬರುವುದು ಸಂಧಿಯಲ್ಲಿ. ‘ಎಂಟು ಗಂಟೆ’ ಎನ್ನುವಾಗಿನ ‘ಟು’, ‘ಎಂಟೂಕಾಲು’, ‘ಎಂಟೂವರೆ’, ‘ಎಂಟೂಮುಕ್ಕಾಲು’ ಎನ್ನುವಾಗ ದೀರ್ಘವಾಗುತ್ತದೆ. ಹಾಗಾಗಿ ಪ್ರತಿ ಸಂಖ್ಯೆಯ ಕೊನೆಗೂ ಹ್ರಸ್ವ ಮತ್ತು ದೀರ್ಘ ಎರಡಕ್ಷರಗಳಿಗೆ ಬೇರೆ ಬೇರೆ ಮನೆಗಳಿರಬೇಕು, ಇಲ್ಲವೇ ಕೊಂಬಿನ ದೀರ್ಘವನ್ನು ಮಾತ್ರ ಪ್ರತ್ಯೇಕವಾಗಿ ಬೆಳಗಿಸಬೇಕು. ಎರಡನೆಯದು ಕಡಿಮೆ ಜಾಗ ಹಿಡಿಯುತ್ತದೆ, ಮತ್ತು ಹನ್ನೆರಡೂ ಸಂಖ್ಯೆಗಳು ಉಕಾರದಲ್ಲಿಯೇ ಮುಗಿಯುವುದರಿಂದ ಒಂದೇ ಉಪಾಯ ಎಲ್ಲಕ್ಕೂ ಹೊಂದುತ್ತದೆ. ‘ಒಂಬತ್ತು’, ‘ನಾಲ್ಕು’, ‘ಹನ್ನೊಂದು’ಗಳಲ್ಲಿ ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲುಗಳ ನಡುವೆ ರೋಮನ್ ಲಿಪಿಗಿಂತ ಹೆಚ್ಚು ಎತ್ತರವನ್ನೂ ಬಿಡಬೇಕು. ಮಣಿಕಟ್ಟಿನ ಅಳತೆಯಲ್ಲಿ ಇದು ಇಕ್ಕಟ್ಟಾಗಬಹುದು. ಸ್ಮಾರ್ಟ್‌ವಾಚಿನ ಪರದೆಯಲ್ಲಾದರೆ ಮನೆಗಳ ಚೌಕವೇ ಬೇಡ, ‘ಎಂಟೂವರೆ’ ಎಂದು ನೇರವಾಗಿ ಬರೆದರಾಯಿತು. ಕಂಪ್ಯೂಟರುಗಳ ಕೆಡಿಇ ಎಂಬ ಮುಕ್ತ ತಂತ್ರಾಂಶದಲ್ಲಿ ಇಂಥ ಅಂದಾಜು ಗಡಿಯಾರ ಹಿಂದಿನಿಂದಲೂ ಇದೆ.

24 ಗಂಟೆಯ ಒಂಟಿ ಮುಳ್ಳಿನ ವಾಚು ಬೆಂಗಳೂರಿಗೆ ಹೊಂದುತ್ತದೆಯೇ?

ಅದನ್ನು ರೂಪಿಸಿದವರ ಊರಿಗಿಂತ ಚೆನ್ನಾಗಿ ಹೊಂದುತ್ತದೆ. ಇಂಥ ವಾಚಿನಲ್ಲಿ ಮುಳ್ಳು ದಿನಕ್ಕೆ ಒಂದೇ ಸುತ್ತು ಬರುತ್ತದೆ. ಡಯಲಿನ ಮೇಲರ್ಧವನ್ನು ಹಗಲಿಗಾಗಿ ತಿಳಿಯಾಗಿಯೂ ಕೆಳಗಿನ ಅರ್ಧವನ್ನು ಇರುಳಿಗಾಗಿ ಗಾಢವಾಗಿಯೂ ಬಣ್ಣ ಹಾಕುವುದುಂಟು. ಬರ್ಲಿನ್ನಿನಲ್ಲಿ ಚಳಿಗಾಲದ ಹಗಲು ಎಂಟು ಗಂಟೆಗೂ ಕಡಿಮೆ, ಬೇಸಿಗೆಯದು ಸುಮಾರು 17 ಗಂಟೆ. ಅಲ್ಲಿ ಆ ಬಣ್ಣದ ಗಡಿ ವರ್ಷದ ಬಹುಭಾಗ ಸುಳ್ಳಾಗುತ್ತದೆ. ಬೆಂಗಳೂರಿನಲ್ಲಿ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಇರುವ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಜೂನ್ ಆರಂಭದಲ್ಲಿ ಆರಕ್ಕೆ ಐದಾರು ನಿಮಿಷ ಮೊದಲೇ ಹುಟ್ಟುವ ಸೂರ್ಯ ಜನವರಿ ಕೊನೆಗೆ ಆರೂಮುಕ್ಕಾಲರ ಹೊತ್ತಿಗೆ ಹುಟ್ಟುತ್ತಾನೆ. ಹೀಗಾಗಿ ಅರ್ಧ ತಿಳಿ, ಅರ್ಧ ಗಾಢ ಎಂಬ ವಿಭಾಗ ಇಲ್ಲಿ ವರ್ಷವಿಡೀ ಹೆಚ್ಚುಕಡಿಮೆ ನಿಜ.

ಒಂದು ಸಣ್ಣ ಓರೆ ಮಾತ್ರ ಉಳಿಯುತ್ತದೆ. ಭಾರತೀಯ ಕಾಲಮಾನವನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಕಟ್ಟಲಾಗಿದೆ. ಬೆಂಗಳೂರು ಇರುವುದು 77.6 ಡಿಗ್ರಿಯಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಸರಾಸರಿ 20 ನಿಮಿಷ ಹಿಂದೆ. ಭೂಮಿಯ ಕಕ್ಷೆಯ ಮತ್ತು ಅಕ್ಷದ ಓರೆಯ ಪರಿಣಾಮವನ್ನೂ ಸೇರಿಸಿದರೆ, ನೆತ್ತಿಯ ಮೇಲೆ ಸೂರ್ಯ ಬರುವ ಹೊತ್ತು ನವೆಂಬರ್ ಆರಂಭದಲ್ಲಿ 12 ಗಂಟೆ 3 ನಿಮಿಷದ ಸುಮಾರಿಗೂ ಫೆಬ್ರುವರಿ ನಡುವಿನಲ್ಲಿ 12 ಗಂಟೆ 34 ನಿಮಿಷದ ಸುಮಾರಿಗೂ ಬೀಳುತ್ತದೆ. ಹತ್ತು ಸೆಕೆಂಡು ತಪ್ಪಿದರೆ ಚಡಪಡಿಸುವವರು ಈ ಅರ್ಧ ಗಂಟೆಯ ಹೊಯ್ದಾಟವನ್ನು ಗಮನಿಸದೆಯೇ ಬದುಕುತ್ತಿದ್ದೇವೆ.

24 ಗಂಟೆಯ ಡಯಲಿನಲ್ಲಿ ಸೂಕ್ಷ್ಮತೆ ಇನ್ನೂ ಅರ್ಧಕ್ಕೆ ಇಳಿಯುತ್ತದೆ. ಇಂಥ ವಾಚುಗಳು ಹೆಚ್ಚಾಗಿ ಕಾಲು ಗಂಟೆಗೊಂದರಂತೆ 96 ಗೆರೆಗಳನ್ನು ಹಾಕಿ ಸುಮ್ಮನಾಗುತ್ತವೆ.

ಘಳಿಗೆ, ರಾಹುಕಾಲ ನೋಡುವವರಿಗೆ ಇದರಿಂದ ಉಪಯೋಗವಿದೆಯೇ?

ಇದೆ. ದಿನಕ್ಕೆ 60 ಘಳಿಗೆ, ಒಂದು ಘಳಿಗೆಗೆ 24 ನಿಮಿಷ. ಅಂದರೆ ಸಾಮಾನ್ಯ ವಾಚಿನ ಅಂಚಿನಲ್ಲಿ ನಿಮಿಷಕ್ಕೆಂದು ಹಾಕುವ 60 ಗೆರೆಗಳನ್ನೇ 24 ಗಂಟೆಗೊಮ್ಮೆ ಸುತ್ತುವ ಮುಳ್ಳಿನ ಕೆಳಗೆ ಇಟ್ಟರೆ ಅದು ಘಳಿಗೆಯ ಗಡಿಯಾರವಾಗುತ್ತದೆ. ಎರಡು ಗೆರೆಗೆ ಒಂದು ಮುಹೂರ್ತ, ಏಳೂವರೆ ಗೆರೆಗೆ ಒಂದು ಜಾವ. ಪಂಚಾಂಗದ ಘಳಿಗೆ ಸೂರ್ಯೋದಯದಿಂದ ಎಣಿಕೆಯಾಗುವುದರಿಂದ ಗೆರೆಗಳ ಬಳೆಯನ್ನು ಮುಳುಗುಗಾರರ ವಾಚಿನಂತೆ ತಿರುಗಿಸಲು ಬರುವಂತಿರಬೇಕು, ಮತ್ತು ಸೊನ್ನೆಯನ್ನು ಅಂದಿನ ಸೂರ್ಯೋದಯಕ್ಕೆ ಹೊಂದಿಸಬೇಕು. ಬೆಂಗಳೂರಿನ ಸೂರ್ಯೋದಯ ವರ್ಷದುದ್ದಕ್ಕೂ ಸರಿಯುವುದು ಎರಡೂಕಾಲು ಘಳಿಗೆಯಷ್ಟೇ ಆದ್ದರಿಂದ ವಾರಕ್ಕೊಮ್ಮೆ ಹೊಂದಿಸಿದರೂ ಧಾರಾಳ. ಇಂಥ ವಾಚನ್ನು ಈ ಊರಿನಲ್ಲಿ ಯಾರಾದರೂ ಮಾಡಬೇಕೆಂಬುದು ನನ್ನ ಆಸೆ.

ರಾಹುಕಾಲಕ್ಕೆ ಬಂದರೆ, ಕ್ಯಾಲೆಂಡರಿನಲ್ಲಿ ಅಚ್ಚಾಗುವ ಸೋಮವಾರ ಏಳೂವರೆಯಿಂದ ಒಂಬತ್ತು, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ಎಂಬ ಪಟ್ಟಿಯೇ ಒಂದು ಅಂದಾಜು. ಅದು ಹಗಲು ಆರರಿಂದ ಆರರವರೆಗೆ ಎಂದು ಹಿಡಿದು ಎಂಟು ಪಾಲು ಮಾಡಿದ್ದು. ನಿಜವಾದ ಹಗಲನ್ನು ಎಂಟು ಪಾಲು ಮಾಡಿದರೆ ಬೆಂಗಳೂರಿನಲ್ಲಿ ಒಂದು ಪಾಲು ಡಿಸೆಂಬರಿನಲ್ಲಿ ಸುಮಾರು 85 ನಿಮಿಷವೂ ಜೂನ್‌ನಲ್ಲಿ ಸುಮಾರು 97 ನಿಮಿಷವೂ ಆಗುತ್ತದೆ. ಮದುವೆಯ ಲಗ್ನದಂಥ ನಿಮಿಷದ ಲೆಕ್ಕಕ್ಕೆ ಮಾತ್ರ ಒಂಟಿ ಮುಳ್ಳನ್ನು ನಂಬಿ ಪುರೋಹಿತರಿಗೆ ಸಮಯ ಹೇಳಲು ಹೋಗಬಾರದು.

ಬೆಂಗಳೂರಿನಂಥ ಊರಿನಲ್ಲಿ ಇದನ್ನು ಕಟ್ಟಿಕೊಂಡರೆ ಎಲ್ಲಕ್ಕೂ ತಡವಾಗುವುದಿಲ್ಲವೇ?

ತಡವಾಗುವುದು ವಾಚಿನಿಂದಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಲು ಒಂದು ದಿನ ಹತ್ತು ನಿಮಿಷ, ಇನ್ನೊಂದು ದಿನ ನಲವತ್ತು ನಿಮಿಷ ಹಿಡಿಯುವಾಗ ಹೊರಡುವ ಹೊತ್ತನ್ನು ನಿಮಿಷದ ಮಟ್ಟಕ್ಕೆ ಲೆಕ್ಕ ಹಾಕುವುದು ವ್ಯರ್ಥ ಪ್ರಯತ್ನ. ಅಲ್ಲಿ ಬೇಕಾದ ನಿರ್ಧಾರ ‘ಎಂಟೂವರೆಗೆ ಮೊದಲೋ ಆಮೇಲೋ’ ಎಂಬ ಮಟ್ಟದ್ದು, ಅದಕ್ಕೆ ಐದು ನಿಮಿಷದ ಗೆರೆ ಸಾಕು. ದಟ್ಟಣೆಯ ಹೊತ್ತಿನಲ್ಲಿ ಮೆಟ್ರೊದ ನೇರಳೆ ಮಾರ್ಗದಲ್ಲಿ ಕೆಲವೇ ನಿಮಿಷಕ್ಕೊಂದು ರೈಲು ಬರುವುದರಿಂದ ಅಲ್ಲಿಯೂ ತೊಂದರೆಯಿಲ್ಲ. ರಾತ್ರಿಯ ಕೊನೆಯ ರೈಲಿನ ಮಾತು ಬೇರೆ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಚೆಕ್-ಇನ್ ಕೌಂಟರು ಮುಚ್ಚುವ ಗಡುವು, ಮೆಜೆಸ್ಟಿಕ್ಕಿನ ರೈಲು, ಆನ್‌ಲೈನ್ ಮೀಟಿಂಗು ಇವುಗಳಿಗೆ ಫೋನನ್ನೇ ನೋಡಬೇಕು, ಎಲ್ಲರೂ ನೋಡುವುದೂ ಅದನ್ನೇ. ನಿಖರವಾದ ಸಮಯ ಹೇಗೂ ಜೇಬಿನಲ್ಲಿಯೇ ಇರುವುದರಿಂದ ಮಣಿಕಟ್ಟಿನಲ್ಲಿ ಅಂದಾಜು ಇಟ್ಟುಕೊಳ್ಳುವುದು ಸಾಧ್ಯವಾಗಿದೆ ಎಂಬುದನ್ನು ಒಪ್ಪಿಕೊಳ್ಳಬೇಕು.

ಹಾಗೆಂದು ಈ ಊರಿಗೆ ನಿಖರತೆ ಬೇಡವೆಂದಲ್ಲ. ಇಲ್ಲಿಯೇ ಕೇಂದ್ರ ಕಚೇರಿ ಹೊಂದಿರುವ ಇಸ್ರೊದ, ನಾವಿರುವ ಜಾಗವನ್ನು ತಿಳಿಸುವ ನಾವಿಕ್ ಉಪಗ್ರಹಗಳು ಪರಮಾಣು ಗಡಿಯಾರಗಳನ್ನು ಹೊತ್ತಿವೆ, ಏಕೆಂದರೆ ಅಲ್ಲಿ ಒಂದು ಮೈಕ್ರೋಸೆಕೆಂಡಿನ ತಪ್ಪು ನೆಲದ ಮೇಲೆ 300 ಮೀಟರಿನ ತಪ್ಪಾಗುತ್ತದೆ.

ಇದನ್ನು ಯಾರು ಕಟ್ಟಿಕೊಳ್ಳಬಾರದು?

ನಾಡಿ ಎಣಿಸುವ ನರ್ಸುಗಳು, ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು, ಓಟಗಾರರು, ಪರೀಕ್ಷಾ ಕೊಠಡಿಯ ಮೇಲ್ವಿಚಾರಕರು. ಪರೀಕ್ಷೆ ಬರೆಯುವವರೂ.

ಹಳೆಯ ಎಚ್‌ಎಂಟಿ ವಾಚನ್ನು ಒಂಟಿ ಮುಳ್ಳಿನದಾಗಿ ಮಾಡಿಸಬಹುದೇ?

ತಾಂತ್ರಿಕವಾಗಿ ಸಾಧ್ಯ, ಆದರೆ ನಿಮಿಷದ ಮುಳ್ಳನ್ನು ಕಿತ್ತರೆ ಆಯಿತು ಎಂದುಕೊಳ್ಳಬಾರದು. ವಾಚಿನ ನಡುವೆ ಎರಡು ಕೊಳವೆಗಳು ಒಂದರೊಳಗೊಂದು ತಿರುಗುತ್ತವೆ. ಒಳಗಿನ ತೆಳ್ಳನೆಯದು ನಿಮಿಷದ ಮುಳ್ಳನ್ನೂ ಹೊರಗಿನ ದಪ್ಪನೆಯದು ಗಂಟೆಯ ಮುಳ್ಳನ್ನೂ ಹೊರುತ್ತದೆ. ನಿಮಿಷದ ಮುಳ್ಳನ್ನು ತೆಗೆದರೆ ಉಳಿಯುವ ಗಂಟೆಯ ಮುಳ್ಳು ಅಂಚಿನ ಗೆರೆಗಳನ್ನು ಮುಟ್ಟದಷ್ಟು ಗಿಡ್ಡ. ನಿಮಿಷದ ಮುಳ್ಳನ್ನೇ ದಪ್ಪ ಕೊಳವೆಗೆ ಹಾಕೋಣವೆಂದರೆ ಅದರ ತೂತು ಚಿಕ್ಕದು. ದೊಡ್ಡ ತೂತಿನ ಉದ್ದನೆಯ ಮುಳ್ಳನ್ನು ಬೇರೆಯಾಗಿಯೇ ಮಾಡಿಸಬೇಕು, ಮೇಲೆ ಚಾಚಿಕೊಂಡು ಕಾಣುವ ಒಳಗಿನ ಕೊಳವೆಯ ತುದಿಯನ್ನು ಹೇಗಾದರೂ ಮರೆಮಾಡಬೇಕು, 144 ಗೆರೆಗಳ ಡಯಲನ್ನು ಅಚ್ಚು ಹಾಕಿಸಬೇಕು. ಅವೆನ್ಯೂ ರಸ್ತೆ, ಚಿಕ್ಕಪೇಟೆಯ ಕಡೆಯ ಹಳೆಯ ವಾಚ್ ರಿಪೇರಿಯವರಲ್ಲಿ ಇಷ್ಟು ಕೈಚಳಕ ಇರುವವರಿದ್ದಾರೆ.

ಆದರೂ ನನ್ನ ಸಲಹೆ ಬೇಡವೆಂದೇ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಿಂದ ಬೆಂಗಳೂರಿನಲ್ಲಿ ತಯಾರಾದ ಎಚ್‌ಎಂಟಿ ವಾಚುಗಳ ಉತ್ಪಾದನೆ ಈಗ ಹಿಂದಿನಂತಿಲ್ಲ. ತಾತ ಕಟ್ಟಿಕೊಂಡಿದ್ದ, ಕೀ ಕೊಡುವ 17 ಜ್ಯುವೆಲ್‌ಗಳ ‘ಜನತಾ’ ಮೂಲ ಡಯಲಿನೊಂದಿಗೆ ಉಳಿದಿದ್ದರೆ ಅದನ್ನು ಹಾಗೆಯೇ ಬಿಡುವುದು ಲೇಸು. ಪ್ರಯೋಗ ಮಾಡಲೇಬೇಕೆಂದಿದ್ದರೆ ಡಯಲು ಈಗಾಗಲೇ ಹಾಳಾದ, ಬಿಡಿಭಾಗಕ್ಕೆಂದು ಮಾರುವ ಮಷೀನನ್ನು ಆರಿಸಿಕೊಳ್ಳಿ.

ಸಮಯ ಹೊಂದಿಸುವುದು ಹೇಗೆ? ಎಷ್ಟು ದಿನಕ್ಕೊಮ್ಮೆ?

ಮುಳ್ಳು ಗೆರೆಯ ನೇರಕ್ಕೆ ಬರಬೇಕಾದ ಹೊತ್ತಿನಲ್ಲಿ, ಅಂದರೆ ಗಂಟೆಗೋ ಅರ್ಧ ಗಂಟೆಗೋ ಸರಿಯಾಗಿ ಹೊಂದಿಸಿ. ಹಲ್ಲುಚಕ್ರಗಳ ನಡುವೆ ಸ್ವಲ್ಪ ಸಡಿಲ ಇದ್ದೇ ಇರುವುದರಿಂದ ಮುಳ್ಳನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸಬೇಡಿ. ಕೊನೆಯ ಚಲನೆ ಮುಂದಕ್ಕೇ ಇರಲಿ. ಸಾಮಾನ್ಯ ವಾಚಿನಲ್ಲಿ ಕಾಣದ ಈ ಸಡಿಲ ಇಲ್ಲಿ ಎರಡು ಮೂರು ನಿಮಿಷದಷ್ಟಾಗಿ ಕಾಣಬಲ್ಲದು. ಓದುವಾಗ ನೇರವಾಗಿ ಮೇಲಿನಿಂದ ನೋಡಿ, ಏಕೆಂದರೆ ಮುಳ್ಳು ಡಯಲಿನಿಂದ ತುಸು ಎತ್ತರದಲ್ಲಿರುವುದರಿಂದ ಪಕ್ಕದಿಂದ ನೋಡಿದರೆ ಒಂದು ಗೆರೆ ತಪ್ಪುವುದು ಸುಲಭ.

ಕೀ ಕೊಡುವ ಅಥವಾ ಆಟೊಮ್ಯಾಟಿಕ್ ಮಷೀನು ದಿನಕ್ಕೆ ಹತ್ತು ಸೆಕೆಂಡು ತಪ್ಪಿದರೆ ತಿಂಗಳಿಗೆ ಐದು ನಿಮಿಷವಾಗುತ್ತದೆ. ಅದು ಒಂದೇ ಗೆರೆಯ ವ್ಯತ್ಯಾಸವಾದ್ದರಿಂದ ಗಮನಕ್ಕೆ ಬರುವುದಿಲ್ಲ. ಎರಡನೆಯ ತಿಂಗಳು ಬಸ್ಸು ತಪ್ಪಿದಾಗಷ್ಟೇ ಗೊತ್ತಾಗುತ್ತದೆ. ಅಂದಾಜಿನ ಡಯಲು ಮಷೀನಿನ ದೋಷವನ್ನು ಮುಚ್ಚಿಡುತ್ತದೆ ಎಂಬುದು ಈ ವಿನ್ಯಾಸದ ನಿಜವಾದ ಕೊರತೆ. ಹದಿನೈದು ದಿನಕ್ಕೊಮ್ಮೆ ಫೋನಿನ ಸಮಯದೊಂದಿಗೆ ಹೋಲಿಸಿ ನೋಡಿ.

ಗಡಿಯಾರ ನೋಡಲು ಕಲಿಯುತ್ತಿರುವ ಮಕ್ಕಳಿಗೆ ಕೊಡಬಹುದೇ?

ಮೊದಲ ಗಡಿಯಾರವಾಗಿ ಇದು ಸುಲಭ: ಮುಳ್ಳು ಎಲ್ಲಿದೆಯೋ ಅದೇ ಸಮಯ. ಐದಕ್ಕೆ ಇಪ್ಪತ್ತೈದು ಎಂಬ ಗುಣಾಕಾರದ ಗೊಂದಲವಿಲ್ಲ. ಆದರೆ ಶಾಲೆಯಲ್ಲಿ ಕೇಳುವುದು ಎರಡು ಮುಳ್ಳಿನ ಗಡಿಯಾರವನ್ನೇ ಆದ್ದರಿಂದ ಅದನ್ನೂ ಜೊತೆಗೇ ಕಲಿಸಬೇಕಾಗುತ್ತದೆ.

ಕೊಳ್ಳುವ ಮುನ್ನ ಏನೇನು ನೋಡಬೇಕು?

ಮುಳ್ಳಿನ ತುದಿ ಗೆರೆಯನ್ನು ನಿಜವಾಗಿಯೂ ಮುಟ್ಟುತ್ತದೆಯೇ ಎಂಬುದು ಮೊದಲನೆಯದು. ಅಗ್ಗದ ಅನುಕರಣೆಗಳಲ್ಲಿ ಮುಳ್ಳು ಎರಡು ಮಿಲಿಮೀಟರ್ ಮೊದಲೇ ನಿಲ್ಲುತ್ತದೆ, ಅಲ್ಲಿಗೆ ಐದು ನಿಮಿಷದ ಗೆರೆಗಳು ಅಲಂಕಾರವಾಗಿಬಿಡುತ್ತವೆ. ಮುಳ್ಳಿಗೂ ಡಯಲಿಗೂ ಬಣ್ಣದ ವ್ಯತ್ಯಾಸ ಸ್ಪಷ್ಟವಾಗಿರಲಿ. ಕತ್ತಲೆಯಲ್ಲಿ ಹೊಳೆಯುವ ಬಣ್ಣ ಮುಳ್ಳಿಗಷ್ಟೇ ಇದ್ದು ಡಯಲಿಗೆ ಇಲ್ಲದಿದ್ದರೆ, ರಾತ್ರಿ ಯಾವ ಕಡೆ ಹನ್ನೆರಡು ಎಂದೇ ತಿಳಿಯುವುದಿಲ್ಲ. ಹೊರದೇಶದಿಂದ ತರಿಸುವುದಾದರೆ ಒಳಗಿನ ಮಷೀನು ಯಾವುದು ಎಂದು ಕೇಳಿ ತಿಳಿಯಿರಿ: ಎಲ್ಲೆಡೆ ಬಳಕೆಯಲ್ಲಿರುವ ಸ್ವಿಸ್ ಅಥವಾ ಜಪಾನಿ ಮಷೀನಾದರೆ ಇಲ್ಲಿಯ ರಿಪೇರಿಯವರೇ ತೆರೆದು ಎಣ್ಣೆ ಬಿಟ್ಟು ಕೊಡುತ್ತಾರೆ, ಆದರೆ ಆ ಉದ್ದನೆಯ ಮುಳ್ಳು ಮುರಿದರೆ ಬದಲಿ ಸಿಗುವುದು ತಯಾರಕರ ಬಳಿ ಮಾತ್ರ. ಆದ್ದರಿಂದ ಸರ್ವಿಸಿಗೆ ಕೊಡುವಾಗ, ಮುಳ್ಳು ತೆಗೆಯುವ ಮುನ್ನ ಡಯಲಿನ ಮೇಲೆ ತೆಳು ಹಾಳೆ ಹಾಸಲು ಹೇಳಿ.